ಬಯಕೆಯ ಜಿಲೇಬಿ

ಫೆಬ್ರವರಿ 10, ಸೋಮವಾರ

ಇವತ್ತು ಕೊಟ್ಟೂರಿನವಳ ಫೋನು ಬಂತು. ನನಗಲ್ಲ, ಮಗ ಕರಿಸಿದ್ದಪ್ಪನಿಗೆ. ನನಗೆ ಫೋನು ಮಾಡಿದರೆ ಏನು ಕೇಳಬೇಕಾಗುತ್ತದೆ ಎಂಬುದು ಆ ಹೆಂಗಸಿಗೆ ಚೆನ್ನಾಗಿ ಗೊತ್ತು. ಅನ್ನದಾನಮ್ಮ ಅಂತ ಹೆಸರು, ನನ್ನ ಮೊಮ್ಮಗಳು ಯಶೋಧಾಳ ಅತ್ತೆ.

ಮಾರ್ಚ್ ಒಂಬತ್ತಕ್ಕೆ ಕುಬಸ ಇಟ್ಟುಕೊಂಡಿದ್ದಾರಂತೆ. ಏಳನೇ ತಿಂಗಳಿಗೆ ತವರಿನವರು ಹಸಿರು ಸೀರೆ, ಬಳೆ, ಬುತ್ತಿ ಒಯ್ದು ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಹುಡುಗಿಯನ್ನು ಕರೆದುಕೊಂಡು ಬರುವುದು ಎಲ್ಲರ ಮನೆಯ ಪದ್ಧತಿ. ಅದಕ್ಕೂ ಇವಳದೊಂದು ಕರಾರು.

"ಕಳಿಸ್ತೀವ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಹುಡುಗಿ ನಿಮ್ಮನ್ಯಾಗ ಇರೋಮಟ ಒಲಿಮ್ಯಾಲೆ ಮೀನು ಮಾಂಸ ಏರಬಾರದು ನೋಡ್ರಿ. ಆಕಿ ಈಗ ಲಿಂಗ ಕಟ್ಟಿಸ್ಕೊಂಡಾಳ."

"ಆತ್ರಿ ಬೀಗತೇರ" ಎಂದ ನನ್ನ ಮಗ. ಕುರಿ ಕಾಯುತ್ತ ಕಾಯುತ್ತ ಅವನೂ ಕುರಿಯ ಹಾಗೆ ತಲೆಯಾಡಿಸುವುದನ್ನು ಕಲಿತಿದ್ದಾನೆ.

ಒಲೆ ನನ್ನದು. ಮಣ್ಣು ಕಲಸಿ ಮೆತ್ತಿದವಳು ನಾನು. ತಾಯಿ ಕಾಮಾಲೆಯಿಂದ ತೀರಿಕೊಂಡಾಗ ಯಶೋಧಾಳಿಗೆ ಐದು ವರ್ಷ. ಅದೇ ಒಲೆಯ ಮುಂದೆ ಕೂರಿಸಿಕೊಂಡು, ಮುಳ್ಳು ಬಿಡಿಸಿ ಮೀನು ತಿನ್ನಿಸಿ ಬೆಳೆಸಿದ್ದೇನೆ. ಕಾಲೇಜಿನಲ್ಲಿ ಗವಿಸಿದ್ದೇಶನನ್ನು ಮೆಚ್ಚಿದಳು, ಮದುವೆಯಾದಳು. ಅವನದು ಕೊಟ್ಟೂರಿನಲ್ಲಿ ಪೈಪು ಮೋಟರಿನ ಅಂಗಡಿ. ನಾವು ಕುರಿಯವರು, ಅವರು ಲಿಂಗವಂತರು. ಬೇಡ ಎಂದು ನಾನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ. ಎರಡು ವರ್ಷದಲ್ಲಿ ಮೂರು ಸಲ ಬಂದಿದ್ದಾಳೆ. ಮೂರು ಸಲವೂ ಸಂಜೆ ಬಸ್ಸಿಗೆ ಹೊರಟಿದ್ದಾಳೆ.

ಈ ಸಲ ಮೂರು ತಿಂಗಳು ಇರುತ್ತಾಳೆ. ಇರಲೇಬೇಕು. ಅಷ್ಟು ಹೊತ್ತು ನನ್ನ ಬಾಯಿ ತಡೆಯಬೇಕಲ್ಲ, ಅದಕ್ಕೇ ಅವಳು ಬಿಟ್ಟುಹೋದ ಕಾಲೇಜು ನೋಟುಬುಕ್ಕಿನ ಖಾಲಿ ಹಾಳೆ ತೆಗೆದಿದ್ದೇನೆ. ನಾಲ್ಕನೇ ಇಯತ್ತೆಯ ಅಕ್ಷರ. ಓದುವವರು ಯಾರೂ ಇಲ್ಲ, ಹೇಗಿದ್ದರೇನು.

ಫೆಬ್ರವರಿ 13, ಗುರುವಾರ

ಹಿನ್ನೀರು ದಿನಕ್ಕೆ ಎರಡು ಮಾರು ಹಿಂದೆ ಸರಿಯುತ್ತಿದೆ. ದೀಪಾವಳಿಯಲ್ಲಿ ಹುಣಸೆಮರದ ಬುಡದಲ್ಲೇ ಕೂತು ಗಾಳ ಹಾಕುತ್ತಿದ್ದೆ. ಈಗ ಕೆಸರು ದಾಟಿ ಅರ್ಧ ಮೈಲು ನಡೆಯಬೇಕು. ಆದರೆ ಶಿವರಾತ್ರಿಯಿಂದ ಯುಗಾದಿವರೆಗೆ ಜಿಲೇಬಿಯ ಕಾಲ. ನೀರು ಬೆಚ್ಚಗಾಗುತ್ತಲೇ ತೆಳು ನೀರಿಗೆ ಬಂದು, ಕೆಸರಿನಲ್ಲಿ ತಟ್ಟೆಯಗಲ ಗುಳಿ ತೋಡಿಕೊಂಡು ಕೂರುತ್ತವೆ. ನಮ್ಮ ಕಡೆ ಜಿಲೇಬಿ ಎಂದರೆ ಮೊದಲು ಮೀನು, ಆಮೇಲೆ ಮಿಠಾಯಿ.

ಗುತ್ತಿಗೆಯವರು ತೆಪ್ಪದಲ್ಲಿ ಬಲೆ ಹಾಕಿ ಕಾಟ್ಲಾ ಎಳೆಯುತ್ತಾರೆ. ನಮಗೆ ಅದು ಬೇಡ. ಕಿರುಬೆರಳು ಗಾತ್ರದ ಬಿದಿರುಕಡ್ಡಿ, ಕೂದಲಿಗಿಂತ ತುಸು ದಪ್ಪದ ದಾರ, ಅಕ್ಕಿಕಾಳಿನಷ್ಟು ಸೀಸ, ಜೋಳದ ದಂಟು ಸೀಳಿ ತೆಗೆದ ಬೆಂಡು. ಇಷ್ಟೇ. ಭಾರದ ಗಾಳ ಹಾಕಿದವನಿಗೆ ಜಿಲೇಬಿ ಸಿಗುವುದಿಲ್ಲ. ಅದು ಮೊದಲು ಮೂತಿ ತಾಗಿಸಿ ನೋಡುತ್ತದೆ, ಬಿಡುತ್ತದೆ, ಮತ್ತೆ ತಾಗಿಸುತ್ತದೆ. ಬೆಂಡು ನಡುಗಿತು ಎಂದು ಎಳೆದರೆ ಬರಿಯ ಹುಳ ಬರುತ್ತದೆ. ಪೂರಾ ಮುಳುಗಿ ಪಕ್ಕಕ್ಕೆ ಸರಿಯುವವರೆಗೆ ಕಾಯಬೇಕು.

ಹದಿಮೂರು ಸಿಕ್ಕವು. ಪಕ್ಕದ ಮನೆಯ ಎರ್ರಮ್ಮನಿಗೆ ನಾಲ್ಕು. ಗಂಡ ಸತ್ತಾಗಿನಿಂದ ನನ್ನ ಬಗಲಲ್ಲೇ ಕೂತು ಗಾಳ ಹಾಕುತ್ತಾಳೆ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

"ಇನ್ನ ಮೂರು ತಿಂಗಳು ನೀನೂ ಅಯ್ಯನೋರ ಮನಿ ಮುದುಕಿ ಆಗ್ತಿ ಬಿಡು ಗಾದಕ್ಕ. ಕಾಯಿಪಲ್ಲೆ ತಿಂದು ತಿಂದು ಮಾತು ಮೆತ್ತಗಾದೀತು."

"ಒಲಿಮ್ಯಾಲೆ ಏರಬಾರದು ಅಂದಾಳ. ದಂಡಿಮ್ಯಾಲೆ ಏರಬಾರದು ಅಂದಿಲ್ಲ" ಎಂದೆ.

ಅಲ್ಲೇ ಮೂರು ಕಲ್ಲು ಹೂಡಿ, ಜಾಲಿಕಡ್ಡಿ ಒಟ್ಟಿ, ಸುಟ್ಟು ತಿಂದೆವು. ಮನೆ ಮನೆಯೇ, ದಂಡೆ ದಂಡೆಯೇ. ಕೊಟ್ಟೂರಿನ ಕಾನೂನು ನೀರಿನವರೆಗೆ ಬರುವುದಿಲ್ಲ.

ಫೆಬ್ರವರಿ 19, ಬುಧವಾರ

ಯಶೋಧಾ ತಾನಾಗಿಯೇ ಫೋನು ಮಾಡಿದ್ದಳು. ದನಿ ದಣಿದಿತ್ತು.

"ಅಜ್ಜಿ, ಜಿಲೇಬಿ ತಿನ್ನಬೇಕು ಅನ್ನಸ್ತೈತಿ. ಸಣ್ಣಾಕಿದ್ದಾಗ ಕೊಡತಿದ್ದೆಲ್ಲ, ಅಂಥಾವು. ಬಿಸಿಬಿಸೀವು. ಕುಬಸಕ್ಕ ಬರುವಾಗ ತಾ."

ಹಿಂದಿನಿಂದ ಅವಳ ಅತ್ತೆಯ ದನಿ ಕೇಳಿಸಿತು. "ಅಂಗಡ್ಯಾಗಿಂದ ತರಸ್ಲೇನವ್ವಾ?"

"ಬ್ಯಾಡ ಅತ್ತಿ. ಅಜ್ಜಿ ತಂದದ್ದ ಬೇಕು."

ಫೋನು ಇಟ್ಟ ಮೇಲೆ ಎಷ್ಟು ಹೊತ್ತು ನಕ್ಕೆನೋ. ಪಾಪ, ಅತ್ತೆಯ ಮುಂದೆ ಮೀನು ಎಂದು ಬಾಯಿ ಬಿಡುವಂತಿಲ್ಲ, ಅದಕ್ಕೆ ಹೆಸರು ಮಾತ್ರ ಹೇಳಿದಳು. ಪಕ್ಕದಲ್ಲೇ ನಿಂತರೂ ಆ ಹೆಂಗಸಿಗೆ ಗೊತ್ತಾಗಲಿಲ್ಲ. ಅಂಗಡಿಯಿಂದ ತರಿಸುತ್ತಾಳಂತೆ. ತರಿಸು ತಾಯಿ, ಪಾಕದಲ್ಲಿ ಅದ್ದಿ ತರಿಸು.

ಲಿಂಗ ಕಟ್ಟಿದರೇನು, ಹೊಟ್ಟೆಯೊಳಗಿನದು ತನ್ನ ಬಳಗವನ್ನು ಕೇಳುತ್ತದೆ. ಬಸುರಿಯ ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮವ್ವ ಅನ್ನುತ್ತಿದ್ದಳು. ಕರಿಸಿದ್ದಪ್ಪನಿಗೆ ಹೇಳಲಿಲ್ಲ. ಅವನಿಗೆ ಹೇಳಿದರೆ ಕೊಟ್ಟೂರಿಗೇ ಹೇಳಿದಂತೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಊರೆಲ್ಲ ಉಪವಾಸ, ಜಿಲೇಬಿಗೆ ಮಾತ್ರ ಹಬ್ಬ. ಹುಳ ಮುಟ್ಟಿಸಿದರೆ ಸಾಕು, ಬೆಂಡು ಮುಳುಗುತ್ತಿತ್ತು. ಇವತ್ತಿನದನ್ನು ತಿನ್ನುವ ಹಾಗಿಲ್ಲ, ಎಲ್ಲ ನೀರಿಗೇ ಬಿಟ್ಟೆ. ಎರ್ರಮ್ಮ ಕೇಳಿದಳು:

"ತಿನ್ನಾದಿಲ್ಲ ಅಂದ್ರ ಯಾಕ ಹಿಡೀತಿ?"

"ಎಂಥಾವು ಎಲ್ಲಿ ಅದಾವು ನೋಡ್ಕೊಳ್ಳಾಕ. ಕುಬಸದ ಮುಂಚೆದಿನ ಹುಡುಕ್ಯಾಡಾಕಾಗ್ತೈತೇನು?"

ಅಂಗೈಯಗಲದವೇ ಬೇಕು. ದೊಡ್ಡವು ಕೆಸರಿನ ವಾಸನೆ ಹೊಡೆಯುತ್ತವೆ, ಸಣ್ಣವು ಬರೀ ಮುಳ್ಳು. ಜೊಂಡಿನ ಆಚೆ, ಮುಳುಗಿದ ಹಳೆ ಬದುವಿನ ಕಲ್ಲು ಕಾಣುವಲ್ಲಿ ಸರಿಯಾದವು ಇವೆ.

ಮಾರ್ಚ್ 3, ಸೋಮವಾರ

ಮೂಡಗಾಳಿ. ಒಂದೂ ಇಲ್ಲ. ಕೆಸರಿನಲ್ಲಿ ಕಾಲು ಹೂತು ಚಪ್ಪಲಿ ಹೋಯಿತು. ಕರಿಸಿದ್ದಪ್ಪ ಯಶೋಧಾಳಿಗೆಂದು ಹೊಸ ಮಂಚ ತಂದಿದ್ದಾನೆ. ಪಡಸಾಲೆಯಲ್ಲಿ ಹಾಕಲೋ ಒಳಕೋಣೆಯಲ್ಲಿ ಹಾಕಲೋ ಎಂದು ನನ್ನನ್ನು ನಾಲ್ಕು ಸಲ ಕೇಳಿದ. ನಿನ್ನ ತಲೆಯ ಮೇಲೆ ಹಾಕು ಎಂದೆ. ಒಳಕೋಣೆಯಲ್ಲಿ ಹಾಕಿದ್ದಾನೆ. ಗಾಳಿ ಬರುತ್ತದೆ, ಅದೇ ಸರಿ.

ಮಾರ್ಚ್ 8, ಶನಿವಾರ

ಬೆಳಗಿನ ಏಳಕ್ಕೆ ನೀರಿಗೆ ಹೋದೆ. ಹನ್ನೊಂದು ಸಿಕ್ಕವು. ಎರಡು ಸಣ್ಣವು, ಬಿಟ್ಟೆ. ಒಂಬತ್ತು ಉಳಿದವು. ಒಂಬತ್ತೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ.

ಹರಳುಪ್ಪು ಹಾಕಿ ಕಲ್ಲಿಗೆ ತಿಕ್ಕಿ ತೊಳೆದೆ. ಅರಿಶಿನ, ಬ್ಯಾಡಗಿ ಮೆಣಸಿನಪುಡಿ, ಜಜ್ಜಿದ ಬೆಳ್ಳುಳ್ಳಿ, ಹುಣಸೆಹುಳಿ, ಮೇಲೆ ಒಂದು ಹಿಡಿ ಜೋಳದ ಹಿಟ್ಟು. ಮಾತು ಮಾತೇ, ಮನೆಯ ಒಲೆಗೆ ಹಚ್ಚಲಿಲ್ಲ. ನಾಳೆ ಹುಡುಗಿ ಬರುವ ಮನೆ ಅದು. ಎರ್ರಮ್ಮನ ಹಿತ್ತಲಿನಲ್ಲಿ ಕರಿದೆ. ಗರಿಗರಿಯಾಗಿ ಬಂದವು. ಮುತ್ತುಗದ ಎಲೆ ಹಾಸಿ ಸ್ಟೀಲಿನ ಡಬ್ಬಿಯಲ್ಲಿ ಸುತ್ತುಸುತ್ತಾಗಿ ಜೋಡಿಸಿ, ಮುಚ್ಚಳ ಬಿಗಿದು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದ್ದೇನೆ.

"ಸಿಕ್ಕೊಂಡ್ರ ಏನು ಮಾಡ್ತಿ?" ಎಂದಳು ಎರ್ರಮ್ಮ.

"ಬಸುರಿ ಕೇಳ್ಯಾಳ, ತಂದೀನಿ ಅಂತೀನಿ. ಆಕಿ ಮಾರಿ ಹೆಂಗಾಗ್ತೈತಿ ನೋಡಬೇಕು ನಾನು."

ಬರೆದ ಮೇಲೆ ಅನಿಸುತ್ತಿದೆ, ಸಿಕ್ಕಿಹಾಕಿಕೊಂಡರೂ ಒಳ್ಳೆಯದೇ. ಮೊಮ್ಮಗಳು ಯಾರ ಕೈಯದನ್ನು ಬಯಸುತ್ತಾಳೆ ಎಂಬುದು ಆ ಮನೆಗೂ ಒಂದು ಸಲ ಗೊತ್ತಾಗಲಿ.

ಮಾರ್ಚ್ 10, ಸೋಮವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತೂ ಕೈ ಬರುತ್ತಿಲ್ಲ. ಆದರೂ ಬರೆದು ಮುಗಿಸಬೇಕು.

ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರು ಬಸ್ಸು ಹತ್ತಿದಾಗ ಕರಿಸಿದ್ದಪ್ಪನ ತಲೆಯ ಮೇಲೆ ಬುತ್ತಿಯ ಬುಟ್ಟಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕರ್ಚಿಕಾಯಿ. ನನ್ನ ಬಗಲಲ್ಲಿ ನನ್ನ ಚೀಲ. ಅನ್ನದಾನಮ್ಮ ಗೇಟಿನವರೆಗೆ ಬಂದಳು, ಕಾಲಿಗೆ ನೀರು ಕೊಟ್ಟಳು, ಕುರ್ಚಿ ತಾನೇ ಎಳೆದು ಹಾಕಿದಳು. ಬಯ್ಯಲು ಒಂದು ಎಳೆಯೂ ಸಿಗಲಿಲ್ಲ. ಅದೇ ನನಗೆ ಸಿಟ್ಟು.

ಯಶೋಧಾ ಮೈ ತುಂಬಿಕೊಂಡಿದ್ದಾಳೆ. ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ಮೂವತ್ತು ಹೆಂಗಸರಾದರೂ ಇದ್ದರು. ಉಡಿ ತುಂಬುತ್ತ ಒಬ್ಬೊಬ್ಬರೇ ಏನು ಬಯಕೆ, ಏನು ಬಯಕೆ ಎಂದು ಕೇಳುತ್ತಿದ್ದರು. ನನ್ನ ಹುಡುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಾ ಅಜ್ಜಿಗೆ ಜಿಲೇಬಿ ಹೇಳಿದ್ದೆ. ತಂದಾಳ ನೋಡ್ರಿ. ಆಗಳಿಂದ ಆ ಚೀಲ ಬಿಡವಲ್ಲಳು."

ಇವಳಿಗೇನು ಬುದ್ಧಿ ಕೆಟ್ಟಿತೇ ಎಂದುಕೊಂಡೆ. "ಆಮ್ಯಾಲೆ ತಿನ್ನುವಂತಿ ಬಿಡು, ಒಬ್ಬಾಕಿನ" ಎಂದೆ.

"ಒಬ್ಬಾಕಿಗೇ ಯಾಕ್ರಿ ಅಜ್ಜಿ? ನಮಗೂ ಒಂದೊಂದು ಸುತ್ತು ಮುರಕೊಡ್ರಿ" ಎಂದು ಅನ್ನದಾನಮ್ಮನ ಮಗಳು ಶಾಂಭವಿ ಚೀಲಕ್ಕೆ ಕೈ ಹಾಕಿದಳು. ನಾನು ಬಿಡಲಿಲ್ಲ. ಅವಳು ಎಳೆದಳು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ಎಲ್ಲರೂ ನಗುತ್ತಿದ್ದರು. "ಮುದುಕಿ ಭಾರಿ ಜಿಪುಣಿ ಅದಾಳವ್ವಾ" ಎಂದಳು ಯಾರೋ. ಎಳೆದಾಟದಲ್ಲಿ ಡಬ್ಬಿ ಶಾಂಭವಿಯ ಕೈಗೆ ಹೋಯಿತು. ಯಶೋಧಾಳ ಮಗ್ಗುಲಲ್ಲೇ ಕುಕ್ಕರಗಾಲಲ್ಲಿ ಕೂತು, ಗಂಟು ಬಿಚ್ಚಿ, ಅವಳ ಮೂಗಿನ ಕೆಳಗೇ ಮುಚ್ಚಳ ತೆಗೆದಳು.

ಒಂಬತ್ತು ಮೀನು. ತಲೆ, ಕಣ್ಣು ಸಮೇತ.

ಯಾರೂ ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ, ಹೇಗೋ ಆಗಿಹೋಗುತ್ತಿತ್ತು. ಯಶೋಧಾ ಬಾಯಿಗೆ ಸೆರಗು ಒತ್ತಿಕೊಂಡು ಮಣೆಯಿಂದ ಎದ್ದಳು. ಉಡಿಯ ಅಕ್ಕಿ, ಉತ್ತತ್ತಿ ನೆಲದ ತುಂಬ ಚೆಲ್ಲಿದವು. ಬಚ್ಚಲಲ್ಲಿ ಅವಳು ಓಕರಿಸುವುದು ಒಳಗಿನವರೆಗೆ ಕೇಳುತ್ತಿತ್ತು.

ಅನ್ನದಾನಮ್ಮ ಬಂದಳು. ಮುಚ್ಚಳ ತೆಗೆದುಕೊಂಡು ಡಬ್ಬಿಗೆ ತಾನೇ ಒತ್ತಿ ಮುಚ್ಚಿ ನನ್ನ ಕೈಗೆ ಕೊಟ್ಟಳು. "ಚೀಲದಾಗ ಇಟ್ಕೊಳ್ರಿ, ಹೋಗುವಾಗ ಒಯ್ಯುವಂತ್ರಿ" ಎಂದಳು. ಹೆಂಗಸರ ಕಡೆ ತಿರುಗಿ, "ಸುಮ್ನ ಕುಂತ್ರ್ಯಾಕ, ಹಾಡು ಹಚ್ರಿ" ಎಂದಳು. ಒಂದು ಮಾತು ಬಯ್ಯಲಿಲ್ಲ. ಸ್ವಲ್ಪ ಹೊತ್ತಿಗೆ ಮೈಲಿಗೆ ಕಳೆಯಲು ತಲೆಗೆ ಎರೆದುಕೊಂಡು, ಬೇರೆ ಸೀರೆ ಉಟ್ಟು, ಊಟ ಬಡಿಸಲು ನಿಂತಳು. ಆ ಒದ್ದೆ ಕೂದಲು ನೋಡುತ್ತ ನಾನು ಹೋಳಿಗೆ ನುಂಗಿದೆ.

ಊಟವಾದ ಮೇಲೆ ಯಶೋಧಾಳ ಕೋಣೆಗೆ ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಜಿಲೇಬಿ ಅಂದಿದ್ದಿ" ಎಂದೆ.

"ಸಂತ್ಯಾಗಿಂದು ಅಜ್ಜಿ. ಅವ್ವ ಸತ್ತ ವರ್ಷ ಪ್ರತಿ ವಾರ ಹಗರಿಬೊಮ್ಮನಹಳ್ಳಿ ಸಂತಿಗೆ ಕರ್ಕೊಂಡು ಹೋಗಿ ಪೇಪರಿನ್ಯಾಗ ಕಟ್ಟಿಸಿ ಕೊಡತಿದ್ದೆಲ್ಲ. ಅಳಬ್ಯಾಡ ಅಂತ."

ಕೊಡಿಸಿದ್ದೆನೇನೋ. ನನಗೆ ನೆನಪೇ ಇರಲಿಲ್ಲ.

"ನಿನಗ ಮೀನಂದ್ರ ಜೀವ ಇತ್ತು."

"ಬಿಟ್ಟು ಒಂದೂವರಿ ವರ್ಷ ಆತು. ಯಾರೂ ಬಿಡು ಅಂದಿಲ್ಲ, ನಾನ ಬಿಟ್ಟೀನಿ." ಎದ್ದು ಕೂತಳು. "ಯಾವ ಜಿಲೇಬಿ ಅಂತ ಒಂದು ಮಾತು ಕೇಳಬೇಕು ಅನಸಲಿಲ್ಲೇನು ನಿನಗ? ಕೇಳಾದು ಗೊತ್ತ ಇಲ್ಲ. ನನ್ನ ಹೊಟ್ಟ್ಯಾಗಿಂದೂ ನಿನಗ ಗೊತ್ತೈತಿ."

ಉತ್ತರ ಇತ್ತು. ಹತ್ತು ಉತ್ತರ ಇದ್ದವು. "ಬಟ್ಟಿ ತುಂಬ್ಕೋ, ನಾಕಕ್ಕ ಬಸ್ಸೈತಿ" ಎಂದೆ.

"ನಾ ಬರಂಗಿಲ್ಲ."

ಬಾಗಿಲಲ್ಲಿ ಅನ್ನದಾನಮ್ಮ ನಿಂತಿದ್ದಳು. "ಹಂಗನ್ನಬ್ಯಾಡವ್ವಾ. ಆದದ್ದಾತು. ಹಿರೇರು ಕರ್ಯಾಕ ಬಂದಾರ, ಹೋಗಿ ಬಾ."

"ಬ್ಯಾಡ ಅತ್ತಿ. ಅಲ್ಲಿ ಹೋದ್ರ ದಿನಾ ಒಂದು ನಡೀತೈತಿ. ನಾ ಇಲ್ಲೇ ಇರ್ತೀನಿ."

ಒಂದು ತಿಂಗಳಿಂದ ನಾನು ಯಾರ ಜೊತೆ ಗುದ್ದಾಡುತ್ತಿದ್ದೆನೋ ಆ ಹೆಂಗಸು ಕಳಿಸುತ್ತೇನೆ ಅಂದಳು. ಬರುವುದಿಲ್ಲ ಅಂದವಳು ನನ್ನ ಕೂಸು.

ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ಬಿಚ್ಚಿ ಒಂದು ನಾಯಿಗೆ ಸುರಿದೆ. ಒಂಬತ್ತನ್ನೂ ಮುಳ್ಳು ಸಮೇತ ತಿಂದಿತು. ಅದಕ್ಕಾದರೂ ಬಯಕೆ ಇತ್ತು.

ಮಾರ್ಚ್ 11, ಮಂಗಳವಾರ

ಕರಿಸಿದ್ದಪ್ಪ ಮಾತು ಬಿಟ್ಟಿದ್ದಾನೆ. ಬಿಡಲಿ. ಮೊದಲೂ ಏನು ಮಹಾ ಆಡುತ್ತಿದ್ದ.

ಮಾರ್ಚ್ 21, ಶುಕ್ರವಾರ

ಮೂರು ದಿನದಿಂದ ಮತ್ತೆ ನೀರಿಗೆ ಹೋಗುತ್ತಿದ್ದೇನೆ. ಮನೆಯಲ್ಲಿ ಕೂತರೆ ಆ ಹೊಸ ಮಂಚ ಕಣ್ಣಿಗೆ ಬೀಳುತ್ತದೆ.

ಇವತ್ತು ಒಂದು ಜಿಲೇಬಿಗೆ ಗಾಳ ಬಾಯಿಗೆ ಸಿಗದೆ ರೆಕ್ಕೆಗೆ ಸಿಕ್ಕಿತ್ತು. ದಂಡೆಗೆ ಎಳೆದಾಗ ಬಾಯಿ ತೆರೆಯಿತು, ಸಾಸಿವೆಕಾಳಿನಂಥ ಮರಿಗಳು ನನ್ನ ಅಂಗೈಗೆ ಸುರಿದವು. ಮರಿ ದೊಡ್ಡವಾಗುವವರೆಗೆ ತಾಯಿ ಬಾಯಲ್ಲೇ ಇಟ್ಟುಕೊಂಡು ಉಪವಾಸ ಇರುತ್ತದೆ. ಮುಚ್ಚಿದ ಬಾಯಿಯದು, ಅದಕ್ಕೇ ಗಾಳ ಕಚ್ಚುವುದಿಲ್ಲ. ಕೈ ನೀರಲ್ಲಿ ಮುಳುಗಿಸಿ ಹಿಡಿದೆ. ತಾಯಿಯನ್ನೂ ಬಿಟ್ಟೆ.

"ಅದೇನು ಧರ್ಮ ಹುಟ್ಟಿತು ಇವತ್ತು?" ಎಂದಳು ಎರ್ರಮ್ಮ.

"ಸಣ್ಣದಿತ್ತು" ಎಂದೆ. ಅಂಗೈಗಿಂತ ದೊಡ್ಡದಿತ್ತು. ಅವಳಿಗೇಕೆ ಆ ಲೆಕ್ಕ. ಉಳಿದ ಐದನ್ನು ಅವಳ ಬುಟ್ಟಿಗೆ ಹಾಕಿದೆ. ನನಗೆ ಈಚೆಗೆ ಬೆಳ್ಳುಳ್ಳಿ ಆಗುತ್ತಿಲ್ಲ, ಎದೆ ಉರಿ.

ಮಾರ್ಚ್ 30, ಭಾನುವಾರ, ಯುಗಾದಿ

ಯಶೋಧಾಳ ಫೋನು ಇಲ್ಲ. ಅನ್ನದಾನಮ್ಮ ಮಾಡಿದ್ದಳು. ಈ ಸಲ ನನ್ನ ಫೋನಿಗೇ.

"ಬೇವು ಬೆಲ್ಲ ತಿಂದ್ರೇನ್ರಿ? ಹುಡುಗಿ ಕಾಲು ಬಾತಾವು. ಬಿ.ಪಿ. ಐತಿ ಅಂದಾರ ಡಾಕ್ಟ್ರು. ಉಪ್ಪು ಕಮ್ಮಿ ಮಾಡಿಸೀನಿ."

"ಹುರುಳಿ ಕಟ್ಟು ಕುಡಸ್ರಿ. ಎಡಕ್ಕ ಮಗ್ಗಲಾಗಿ ಮಲಗಲಿ" ಎಂದೆ.

"ಮಾತಾಡ್ತೀರೇನು, ಕೊಡ್ಲಿ?"

ಬಳೆಯ ಸದ್ದು ಫೋನಿನ ಹತ್ತಿರ ಬಂದು ಮತ್ತೆ ದೂರ ಹೋಯಿತು. "ಮಲಗ್ಯಾಳ್ರಿ" ಎಂದಳು ಅನ್ನದಾನಮ್ಮ. ಸುಳ್ಳು. ಹೇಳಲು ಬಾರದ ಸುಳ್ಳನ್ನು ನನಗೋಸ್ಕರ ಹೇಳಿದಳು. ಇರಲಿ, ಎಂದೆ.

ಏಪ್ರಿಲ್ 9, ಬುಧವಾರ

ಮನೆಗೆ ಸುಣ್ಣ ಹೊಡೆಸಿದೆ. ಗೆದ್ದಲು ಹಿಡಿದಿತ್ತು. ಒಲೆ ಒಡೆದು ಹೊಸದಾಗಿ ಹಾಕಿದೆ, ಹಳೆಯದು ಬಿರುಕು ಬಿಟ್ಟಿತ್ತು. ಮೀನಿನ ಗಡಿಗೆ ಎರ್ರಮ್ಮನಿಗೆ ಕೊಟ್ಟೆ. ಅದು ಸೋರುತ್ತಿತ್ತು.

"ನೀರು ಹಾಕಿ ನೋಡೀನಿ, ಒಂದು ಹನಿ ಸೋರವಲ್ದು" ಎಂದು ಬೇಲಿಯಾಚೆಯಿಂದ ಕೂಗಿದಳು ಆ ರಂಡೆ. "ತಿಂಗಳಾತು ನೀ ಬಾಯಿಗೆ ಒಂದು ಮೀನು ಇಟ್ಟು. ಯಾರಿಗೆ ಹರಕಿ ಹೊತ್ತೀ?"

ಯಾರಿಗೂ ಹೊತ್ತಿಲ್ಲ. ಬಿಸಿಲಿಗೆ ಮೀನು ರುಚಿ ಇರುವುದಿಲ್ಲ.

ಕರಿಸಿದ್ದಪ್ಪ ಸುಣ್ಣದ ಗೋಡೆ ನೋಡಿ ಒಂದು ತಿಂಗಳ ಮೇಲೆ ಬಾಯಿ ಬಿಟ್ಟ. "ಯವ್ವ, ಫೋನು ಮಾಡಿ ಕರೀಲೇನು? ಬಂದ್ರೂ ಬಂದಾಳು."

"ನಿನಗ ಬಾಯಿಲ್ಲೇನು, ನನ್ನ್ಯಾಕ ಕೇಳ್ತಿ" ಎಂದೆ. ಹೊರಗೆ ಹೋಗಿ ಮಾಡಿದ. ಬಹಳ ಹೊತ್ತಾದ ಮೇಲೆ ಒಳಗೆ ಬಂದು ಕುರಿ ದೊಡ್ಡಿಯ ಬಾಗಿಲು ರಿಪೇರಿ ಮಾಡಬೇಕು ಎಂದ. ಅಷ್ಟರಲ್ಲೇ ಗೊತ್ತಾಯಿತು.

ಏಪ್ರಿಲ್ 24, ಗುರುವಾರ, ಕೂಡ್ಲಿಗಿ

ನಿನ್ನೆ ಬೆಳಿಗ್ಗೆ ಗವಿಸಿದ್ದೇಶ ಫೋನು ಮಾಡಿದ. ಬಿ.ಪಿ. ಏರಿದೆ, ಕೂಡ್ಲಿಗಿಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದ. ಕರಿಸಿದ್ದಪ್ಪನ ಗಾಡಿಯ ಹಿಂದೆ ಕೂತು ಬಂದೆ. ನಾವು ಬರುವಷ್ಟರಲ್ಲಿ ಆಪರೇಶನ್ ಮುಗಿದಿತ್ತು. ಹೆಣ್ಣು. ಎರಡು ಕೇಜಿಯ ಮೇಲೆ ನೂರು ಗ್ರಾಂ.

ಅನ್ನದಾನಮ್ಮ ಕಾರಿಡಾರಿನ ನೆಲದ ಮೇಲೆ ಕೂತಿದ್ದಳು, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ನನ್ನನ್ನು ನೋಡಿ ಸರಿದು ಜಾಗ ಮಾಡಿದಳು. ಕೂತೆ. ಸ್ವಲ್ಪ ಹೊತ್ತಿಗೆ ಅವಳ ತಲೆ ಜೋಲಿ ನನ್ನ ಹೆಗಲಿಗೆ ಬಿತ್ತು. ನಿದ್ದೆ. ಎಬ್ಬಿಸೋಣ ಅಂದುಕೊಂಡೆ, ಕೈ ಎತ್ತಲಿಲ್ಲ.

ಯಶೋಧಾ ಕಣ್ಣು ಬಿಟ್ಟಾಗ "ಯಾವಾಗ ಬಂದಿ?" ಎಂದಳು. ಅಷ್ಟೇ.

ಏಪ್ರಿಲ್ 28, ಸೋಮವಾರ, ಕೊಟ್ಟೂರು

ಇವತ್ತು ಆಸ್ಪತ್ರೆಯಿಂದ ಬಿಟ್ಟರು. ನಾನು ಕೂಸಿನ ಬಟ್ಟೆ ಗಂಟು ಕಟ್ಟುತ್ತಿದ್ದೆ. ಯಶೋಧಾ ಮಂಚದಿಂದ ಕಾಲು ಇಳಿಬಿಟ್ಟು, "ಅಜ್ಜಿ, ಮನಿಗೆ ಹೋಗೂನು ನಡಿ. ಈ ವಾಸನಿ ಸಾಕಾಗೈತಿ" ಎಂದಳು.

ಹೊಸ ಮಂಚ, ಸುಣ್ಣದ ಗೋಡೆ, ಹೊ‌ಸ ಒಲೆ ಎಲ್ಲ ಒಮ್ಮೆಲೇ ಕಣ್ಣಿಗೆ ಬಂತು. ಕರಿಸಿದ್ದಪ್ಪನನ್ನು ಕೂಗಲು ಬಾಯಿ ತೆರೆದವಳು ಮುಚ್ಚಿದೆ.

"ಯಾವ ಮನಿಗೆ?" ಎಂದೆ.

"ಕೊಟ್ಟೂರಿಗೆ" ಎಂದಳು. "ಮತ್ತೆಲ್ಲಿಗೆ?"

ಸಿಟ್ಟಿನಲ್ಲಿ ಅಂದದ್ದಲ್ಲ. ಸಿಟ್ಟಿನಲ್ಲಿ ಅಂದಿದ್ದರೆ ಚೆನ್ನಾಗಿತ್ತು. ನಾನು ಗಂಟು ಕಟ್ಟಿ ಮುಗಿಸಿದೆ.

ಕಾರಿನ ಹತ್ತಿರ ಅನ್ನದಾನಮ್ಮ, "ನೀವೂ ಹತ್ರಿ. ನನಗ ಮೊಣಕಾಲು ಮಡಚಾಕ ಬರಂಗಿಲ್ಲ, ಕೂಸಿಗೆ ಎರಿಯಾರು ಯಾರು?" ಎಂದಳು. ಮಗಳನ್ನು ಕೊಟ್ಟ ಮನೆಗೆ ಹೋಗಿ ಬಾಣಂತನ ಮಾಡಿದ ಹೆಂಗಸು ನಮ್ಮ ಬಳಗದಲ್ಲಿ ಒಬ್ಬಳೂ ಇಲ್ಲ. ಯಶೋಧಾ ಬಾ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕೂಸನ್ನು ಎತ್ತಿ ನನ್ನ ಕಡೆ ಚಾಚಿದಳು, ತಾನು ಹತ್ತಲು ಎರಡೂ ಕೈ ಬೇಕಿದ್ದವು. ಕೂಸು ಕೈಗೆ ಬಂದ ಮೇಲೆ ನಾನೂ ಹತ್ತಬೇಕಾಯಿತು.

ಎರಡು ದಿನ ಇದ್ದು ಹೊರಡುತ್ತೇನೆ.

ಏಪ್ರಿಲ್ 30, ಬುಧವಾರ

ಕೂಸಿಗೆ ಕಾಮಾಲೆ ಛಾಯೆ ಇದೆ, ಎಳೆಬಿಸಿಲಿಗೆ ಹಿಡಿಯಿರಿ ಎಂದಿದ್ದಾರೆ. ಇವರಿಗೆ ಯಾರಿಗೂ ಹಿಡಿಯಲು ಬರುವುದಿಲ್ಲ. ನಾಳೆ ಹೊರಡುತ್ತೇನೆ.

ಮೇ 14, ಬುಧವಾರ

ಬರೆಯಲು ಹೊತ್ತೇ ಆಗಿಲ್ಲ. ಬೆಳಿಗ್ಗೆ ಕೂಸಿಗೆ ಎರೆಯುವುದು, ಬಾಣಂತಿಗೆ ಎರೆಯುವುದು, ಕೆಂಡ, ಲೋಬಾನದ ಹೊಗೆ, ಬಟ್ಟೆ. ಕಾಮಾಲೆ ಹೋಯಿತು. ಕೂಸು ಎರಡೂವರೆ ಕೇಜಿ ದಾಟಿದೆ. ಬೀಗತಿಗೆ ರೊಟ್ಟಿ ತೆಳ್ಳಗೆ ತಟ್ಟಲು ಬರುವುದಿಲ್ಲ, ಈಗ ಅದೂ ನನ್ನದೇ ಕೆಲಸ. ಎದುರು ಮನೆಯವಳು ನಿನ್ನೆ ಬೀಗತಿಯನ್ನು ಕೇಳುತ್ತಿದ್ದಳು: "ಕೆಲಸದಾಕಿ ಚಲೋ ಸಿಕ್ಕಾಳ ನಿಮಗ. ಯಾವೂರಾಕಿ?" ಬೀಗತಿ ಏನೆಂದಳೋ ಕೇಳಿಸಲಿಲ್ಲ, ಒಳಗೆ ಕೂಸು ಅತ್ತಿತು.

ನನ್ನ ಊಟದ ತಟ್ಟೆಯ ಅಂಚಿಗೆ ಒಂದು ಕೆಂಪು ಚುಕ್ಕೆ ಇದೆ, ಉಗುರುಬಣ್ಣದ್ದು, ಉಳಿದವರ ತಟ್ಟೆಯ ಜೊತೆ ಕಲೆಯದಿರಲೆಂದು. ಲೋಟಕ್ಕೂ ಇದೆ. ಬಂದ ಮರುದಿನವೇ ನೋಡಿದ್ದೆ. ಯಾರು ಇಟ್ಟರು ಎಂದು ಕೇಳಿಲ್ಲ. ಬೀಗತಿ ಉಗುರಿಗೆ ಬಣ್ಣ ಹಚ್ಚುವವಳಲ್ಲ. ಶಾಂಭವಿ ಕುಬಸ ಆದ ಮೇಲೆ ಈ ಕಡೆ ಬಂದಿಲ್ಲ. ಈ ಮನೆಯಲ್ಲಿ ಉಗುರಿಗೆ ಬಣ್ಣ ಹಚ್ಚುವವಳು ಒಬ್ಬಳೇ. ಕೂಸಿಗೆ ಹಾಲು ಕುಡಿಸುವಾಗ ಆ ಬೆರಳುಗಳು ನನಗೆ ಕಾಣುತ್ತವೆ.

ದಿನಾ ಅದರಲ್ಲೇ ಉಣ್ಣುತ್ತೇನೆ, ತೊಳೆದು ಬೇರೆ ಗೂಡಿನಲ್ಲಿ ನಾನೇ ಇಡುತ್ತೇನೆ. ಮೊದಲಿನ ಗಾದೆಮ್ಮ ಆಗಿದ್ದರೆ ತಟ್ಟೆ ಅಂಗಳಕ್ಕೆ ಹಾರಿರುತ್ತಿತ್ತು. ಇಲ್ಲಿ ಕೆಲಸ ಬಹಳ, ಅದಕ್ಕೇ.

ಒಳಗಿನಿಂದ "ಅಜ್ಜಿ, ನೀರು" ಎಂದು ಯಶೋಧಾ ಕರೆಯುತ್ತಿದ್ದಾಳೆ. ಕುಡಿಯಲಿಕ್ಕೋ, ಕೂಸು ತೊಳೆಯಲಿಕ್ಕೋ ಹೇಳಲಿಲ್ಲ. ಹೋಗಿ ಕೇಳಬೇಕು.